ಸಿಸೇರಿಯನ್ ನಂತರದ ಸಹಜ ಹೆರಿಗೆ ಮತ್ತು ಗರ್ಭಕೋಶದ ಆಕಾರ ವೈಪರೀತ್ಯ

ಸಿಸೇರಿಯನ್ ನಂತರದ ಸಹಜ ಹೆರಿಗೆ ಎಂದರೆ ಹಿಂದೆ ಒಮ್ಮೆಯಾದರೂ ಸಿಸೇರಿಯನ್ ಶಸ್ತ್ರಚಿಕಿತ್ಸೆಯಾಗಿರುವ ಮಹಿಳೆಯು ಮುಂದಿನ ಮಗುವನ್ನು ಯೋನಿಮಾರ್ಗದ ಮೂಲಕ ಹೆರುವುದು. ವೈದ್ಯರ ಮಾತಿನಲ್ಲಿ ಇದಕ್ಕೆ 'ವಿಬ್ಯಾಕ್' ಎಂಬ ಹೆಸರು ರೂಢಿಯಲ್ಲಿದೆ. ಹುಟ್ಟಿನಿಂದಲೇ ಗರ್ಭಕೋಶದ ಆಕಾರ ಸಾಮಾನ್ಯಕ್ಕಿಂತ ಭಿನ್ನವಾಗಿರುವ ಮಹಿಳೆಯರಲ್ಲಿ ಇಂತಹ ಹೆರಿಗೆ ಸಾಧ್ಯವೇ, ಸಾಧ್ಯವಾದರೆ ಎಷ್ಟು ಸುರಕ್ಷಿತ ಎಂಬುದು ಪ್ರಸೂತಿಶಾಸ್ತ್ರದಲ್ಲಿ ಇನ್ನೂ ಪೂರ್ತಿ ಇತ್ಯರ್ಥವಾಗದ ಪ್ರಶ್ನೆ. ಆಕಾರ ವೈಪರೀತ್ಯವು ತನ್ನಷ್ಟಕ್ಕೆ ಸಹಜ ಹೆರಿಗೆಗೆ ನಿಷೇಧವಲ್ಲ. ಆದರೆ ಹಿಂದಿನ ಗಾಯ ಗರ್ಭಕೋಶದ ಯಾವ ಭಾಗದಲ್ಲಿದೆ, ಈ ಬಾರಿಯ ಮಗು ಯಾವ ಭಾಗದಲ್ಲಿ ಬೆಳೆಯುತ್ತಿದೆ, ಹೆರಿಗೆ ನಡೆಯುವ ಆಸ್ಪತ್ರೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆಗೆ ಏನೇನು ಸಿದ್ಧತೆಯಿದೆ ಎಂಬ ಮೂರು ಸಂಗತಿಗಳು ತಿಳಿಯದೆ ಈ ಪ್ರಶ್ನೆಗೆ ಉತ್ತರಿಸಲಾಗದು.

ಹಿನ್ನೆಲೆ

19ನೆಯ ಶತಮಾನದ ಕೊನೆಯವರೆಗೂ ಸಿಸೇರಿಯನ್ ಆದ ತಾಯಂದಿರು ಬದುಕುಳಿಯುವುದೇ ವಿರಳವಾಗಿತ್ತು. ಕೊಯ್ದ ಗರ್ಭಕೋಶವನ್ನು ಹೊಲಿಯುವ ಪದ್ಧತಿಯೇ ಅನೇಕ ಕಡೆ ಇರಲಿಲ್ಲ. ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ 1882ರಲ್ಲಿ ಗರ್ಭಕೋಶದ ಗೋಡೆಯನ್ನು ಕ್ರಮಬದ್ಧವಾಗಿ ಹೊಲಿಯುವ ವಿಧಾನವನ್ನು ಪ್ರಚುರಪಡಿಸಿದ ಮೇಲೆ ತಾಯಂದಿರ ಸಾವು ಇಳಿಯತೊಡಗಿತು. ಆಗ ಗರ್ಭಕೋಶದ ಮೇಲ್ಭಾಗದಲ್ಲಿ, ಮೇಲಿನಿಂದ ಕೆಳಕ್ಕೆ ಉದ್ದುದ್ದವಾಗಿ ಕೊಯ್ಯುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಸಂಕುಚಿಸುವ ಭಾಗವೇ ಅದು. ಹಾಗಾಗಿ ಮುಂದಿನ ಹೆರಿಗೆಯಲ್ಲಿ ಆ ಗಾಯ ಬಿರಿಯುವ ಭಯವಿತ್ತು.

ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ 1916ರಲ್ಲಿ, ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಎಂಬರ್ಥದ ಮಾತನ್ನು ಬರೆದರು. ಅದು ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ನಿಯಮದಂತೆ ನಡೆಯಿತು. ಕ್ರೇಗಿನ್ ಅವರ ಉದ್ದೇಶ ಮೊದಲ ಸಿಸೇರಿಯನ್ನನ್ನು ವಿನಾಕಾರಣ ಮಾಡಬಾರದೆಂದು ಎಚ್ಚರಿಸುವುದಾಗಿತ್ತು. ಉಲ್ಲೇಖಿಸುವವರು ಈ ಅಂಶವನ್ನು ಬಹುಮಟ್ಟಿಗೆ ಮರೆತರು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಅವರು ಗರ್ಭಕೋಶದ ತೆಳುವಾದ ಕೆಳಭಾಗದಲ್ಲಿ ಅಡ್ಡಡ್ಡವಾಗಿ ಕೊಯ್ಯುವ ಕ್ರಮವನ್ನು ಪ್ರತಿಪಾದಿಸಿದರು. ಇಂದು ಜಗತ್ತಿನ ಬಹುತೇಕ ಸಿಸೇರಿಯನ್‌ಗಳು ಹೀಗೆಯೇ ನಡೆಯುತ್ತವೆ. ಈ ಗಾಯವು ಮುಂದಿನ ನೋವನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆಂದು ಕಂಡುಬಂದ ಮೇಲೆ 1980ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆಯು ಸಹಜ ಹೆರಿಗೆಯ ಪ್ರಯತ್ನವನ್ನು ಒಪ್ಪಿತು. ಆ ದೇಶದಲ್ಲಿ ಇಂತಹ ಹೆರಿಗೆಗಳ ಪ್ರಮಾಣ 1996ರಲ್ಲಿ ಶೇ. 28.3ಕ್ಕೆ ಏರಿ, ಗರ್ಭಕೋಶ ಬಿರಿದ ಪ್ರಕರಣಗಳು ಮತ್ತು ನ್ಯಾಯಾಲಯದ ದಾವೆಗಳ ಭಯದಿಂದ 2006ರ ವೇಳೆಗೆ ಶೇ. 8.5ಕ್ಕೆ ಕುಸಿಯಿತು.

ಗರ್ಭಕೋಶದ ಆಕಾರ ವೈಪರೀತ್ಯಗಳು

ಹೆಣ್ಣು ಭ್ರೂಣದಲ್ಲಿ ಗರ್ಭಕೋಶವು ಆರಂಭದಲ್ಲಿ ಒಂದೇ ಚೀಲವಾಗಿರುವುದಿಲ್ಲ. ಎಡ ಮತ್ತು ಬಲದಲ್ಲಿ ಒಂದೊಂದು ನಾಳ ಬೆಳೆದು, ಕೆಳಗಿನ ಭಾಗದಲ್ಲಿ ಅವೆರಡೂ ಕೂಡಿಕೊಂಡು, ನಡುವಿನ ಗೋಡೆ ಕರಗಿ ಒಂದೇ ಕುಹರವಾಗುತ್ತದೆ. ಇವನ್ನು 1830ರಲ್ಲಿ ವಿವರಿಸಿದ ಜರ್ಮನ್ ವಿಜ್ಞಾನಿ ಯೊಹಾನೆಸ್ ಮುಲ್ಲರ್ ಅವರ ನೆನಪಿಗೆ ಮುಲ್ಲೇರಿಯನ್ ನಾಳಗಳೆನ್ನುತ್ತಾರೆ. ಈ ಪ್ರಕ್ರಿಯೆ ಎಲ್ಲಿ ನಿಂತಿತು ಎಂಬುದರ ಮೇಲೆ ವೈಪರೀತ್ಯದ ಬಗೆ ನಿಲ್ಲುತ್ತದೆ.

ಎರಡು ನಾಳಗಳೂ ಕೂಡದೇ ಉಳಿದರೆ ಎರಡು ಗರ್ಭಕೋಶ, ಎರಡು ಗರ್ಭಕಂಠ ಇರುವ ಜೋಡಿ ಗರ್ಭಕೋಶ ಉಂಟಾಗುತ್ತದೆ. ಕೆಳಗೆ ಕೂಡಿ ಮೇಲೆ ಬೇರೆಯಾಗಿದ್ದರೆ ಎರಡು ಕೊಂಬುಗಳಂತೆ ಕಾಣುವ ದ್ವಿಶೃಂಗ ಗರ್ಭಕೋಶ. ಹೊರನೋಟಕ್ಕೆ ಸರಿಯಾಗಿದ್ದು ಒಳಗಿನ ಗೋಡೆ ಮಾತ್ರ ಕರಗದೇ ಉಳಿದರೆ ಅದು ತಡಿಕೆಯುಳ್ಳ ಗರ್ಭಕೋಶ. ಎಲ್ಲಕ್ಕಿಂತ ಹೆಚ್ಚು ಗರ್ಭಪಾತಕ್ಕೆ ಕಾರಣವಾಗುವುದು ಇದೇ. ಒಂದು ನಾಳ ಬೆಳೆಯದಿದ್ದರೆ ಅಥವಾ ಅರೆಬೆಳೆದಿದ್ದರೆ ಏಕಶೃಂಗ ಗರ್ಭಕೋಶ. ಮೇಲ್ಭಾಗ ಒಳಕ್ಕೆ ತುಸು ಬಾಗಿರುವ ಕಮಾನು ಆಕಾರವನ್ನು ಈಗ ಅನೇಕರು ಸಹಜ ವ್ಯತ್ಯಾಸವೆಂದೇ ಪರಿಗಣಿಸುತ್ತಾರೆ. ಅಮೆರಿಕದ ಫಲವಂತಿಕೆ ಸಂಘದ 1988ರ ವರ್ಗೀಕರಣ, ಯುರೋಪಿನ ಸಂಘಗಳ 2013ರ ವರ್ಗೀಕರಣ ಹಾಗೂ ಅಮೆರಿಕದವರದೇ 2021ರ ಪರಿಷ್ಕರಣೆ ಪರಸ್ಪರ ಪೂರ್ತಿ ಹೊಂದುವುದಿಲ್ಲ. ಒಂದೇ ಗರ್ಭಕೋಶಕ್ಕೆ ಎರಡು ವರದಿಗಳಲ್ಲಿ ಎರಡು ಹೆಸರು ಬರುವುದಕ್ಕೆ ಇದೂ ಒಂದು ಕಾರಣ.

ಸಾಮಾನ್ಯ ಜನಸಮುದಾಯದ ಮಹಿಳೆಯರಲ್ಲಿ ಸುಮಾರು ಶೇ. 5.5ರಷ್ಟು, ಗರ್ಭಪಾತದ ಇತಿಹಾಸವಿರುವವರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಯಾವುದಾದರೊಂದು ವೈಪರೀತ್ಯ ಇರುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನಗಳ ಸಮೀಕ್ಷೆಯೊಂದು ಅಂದಾಜಿಸಿದೆ. ಮೂತ್ರಪಿಂಡಗಳೂ ಅದೇ ಕಾಲದಲ್ಲಿ, ಅದೇ ನೆರೆಯಲ್ಲಿ ರೂಪುಗೊಳ್ಳುವುದರಿಂದ ಇಂತಹವರಲ್ಲಿ ಒಂದು ಮೂತ್ರಪಿಂಡ ಇಲ್ಲದಿರುವುದು ಅಪರೂಪವಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಮೂತ್ರಪಿಂಡಗಳ ಸ್ಕ್ಯಾನ್ ಮಾಡಿಸುವುದು ವಾಡಿಕೆ.

ಬಹಳಷ್ಟು ಮಹಿಳೆಯರಿಗೆ ಈ ಸಂಗತಿ ಮೊದಲು ತಿಳಿಯುವುದು ಸಿಸೇರಿಯನ್ ಮೇಜಿನ ಮೇಲೆಯೇ. ಮಗು ತಲೆಕೆಳಗಾಗಿ ತಿರುಗದೆ ಕುಂಡೆ ಅಥವಾ ಕಾಲು ಮುಂದಾಗಿ ಉಳಿಯುವುದು, ಅಡ್ಡಲಾಗಿ ಮಲಗುವುದು, ಅವಧಿಗೆ ಮುನ್ನ ನೋವು ಕಾಣಿಸಿಕೊಳ್ಳುವುದು ಇಕ್ಕಟ್ಟಾದ ಅಥವಾ ಇಬ್ಭಾಗವಾದ ಗರ್ಭಕೋಶದ ಸಾಮಾನ್ಯ ಪರಿಣಾಮಗಳು. ಇಂತಹ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಿದಾಗ ವೈದ್ಯರಿಗೆ ಗರ್ಭಕೋಶದ ಹೊರಮೈ ಕಾಣಸಿಗುತ್ತದೆ. ಆದರೆ ಆಗಷ್ಟೇ ಹೆರಿಗೆಯಾದ ಗರ್ಭಕೋಶ ಹಿಗ್ಗಿ ರೂಪ ಬದಲಿಸಿರುವುದರಿಂದ ಆ ಕ್ಷಣದ ನೋಟವೊಂದನ್ನೇ ನಂಬಲಾಗದು. ಬಾಣಂತನ ಮುಗಿದ ಮೇಲೆ ಮೂರು ಆಯಾಮದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಉಚಿತ. ಹೊರಮೈಯ ಬಿರುಕು 1 ಸೆಂಟಿಮೀಟರಿಗಿಂತ ಆಳವಾಗಿದ್ದರೆ ದ್ವಿಶೃಂಗವೆಂದೂ, ಹೊರಮೈ ಸರಿಯಾಗಿದ್ದು ಒಳಗೆ ಮಾತ್ರ ಗೋಡೆಯಿದ್ದರೆ ತಡಿಕೆಯೆಂದೂ ಸ್ಥೂಲವಾಗಿ ಗುರುತಿಸುತ್ತಾರೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ತಡಿಕೆಯನ್ನು ಹಿಸ್ಟರೋಸ್ಕೋಪಿಯಿಂದ ಕತ್ತರಿಸಬಹುದು. ದ್ವಿಶೃಂಗವನ್ನು ಹಾಗೆ ಕತ್ತರಿಸಹೋದರೆ ಗರ್ಭಕೋಶ ತೂತಾಗುತ್ತದೆ.

ಹಿಂದಿನ ಗಾಯದ ಪ್ರಶ್ನೆ

ಸಾಮಾನ್ಯ ಆಕಾರದ ಗರ್ಭಕೋಶದಲ್ಲಿ, ಕೆಳಭಾಗದ ಅಡ್ಡ ಗಾಯ ಒಂದೇ ಇದ್ದಾಗ, ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ ಶೇ. 60ರಿಂದ 80ರಷ್ಟು ಮಂದಿ ಸಫಲರಾಗುತ್ತಾರೆ. ಗರ್ಭಕೋಶ ಬಿರಿಯುವ ಸಂಭವ 200 ಪ್ರಯತ್ನಗಳಲ್ಲಿ ಒಂದರ ಆಸುಪಾಸು. 2004ರಲ್ಲಿ ಪ್ರಕಟವಾದ ಅಮೆರಿಕದ ಬಹುಕೇಂದ್ರ ಅಧ್ಯಯನದಲ್ಲಿ 17,898 ಮಹಿಳೆಯರು ಪ್ರಯತ್ನಿಸಿದರು, ಸುಮಾರು ಶೇ. 73 ಮಂದಿಗೆ ಸಹಜ ಹೆರಿಗೆಯಾಯಿತು, ಶೇ. 0.7 ಮಂದಿಯಲ್ಲಿ ಗರ್ಭಕೋಶ ಬಿರಿಯಿತು. ಹಿಂದೆ ಒಮ್ಮೆ ಸಹಜ ಹೆರಿಗೆ ಆಗಿದ್ದವರಲ್ಲಿ ಸಫಲತೆ ಇನ್ನೂ ಹೆಚ್ಚು.

ಗಾಯವು ಮೇಲ್ಭಾಗದಲ್ಲಿ ಉದ್ದುದ್ದವಾಗಿದ್ದರೆ ಲೆಕ್ಕ ಬೇರೆ. ಆಗ ಬಿರಿಯುವ ಸಂಭವ ಶೇ. 4ರಿಂದ 9ರವರೆಗೆ ಇರುವುದರಿಂದ ಪ್ರಯತ್ನವನ್ನೇ ಮಾಡದೆ, ಸಾಮಾನ್ಯವಾಗಿ 36–37ನೇ ವಾರದಲ್ಲೇ ಸಿಸೇರಿಯನ್ ಮಾಡುತ್ತಾರೆ. ಹೊಟ್ಟೆಯ ಚರ್ಮದ ಮೇಲಿನ ಕಲೆ ಅಡ್ಡಲಾಗಿದೆ ಎಂದಮಾತ್ರಕ್ಕೆ ಒಳಗಿನ ಗರ್ಭಕೋಶದ ಗಾಯವೂ ಅಡ್ಡಲಾಗಿದೆಯೆಂದು ಹೇಳಲು ಬರುವುದಿಲ್ಲ. ಅದನ್ನು ತಿಳಿಸಬಲ್ಲದ್ದು ಶಸ್ತ್ರಚಿಕಿತ್ಸೆಯ ಬರಹವೊಂದೇ. ಗರ್ಭಿಣಿಯ ಸ್ಕ್ಯಾನಿನಲ್ಲಿ ಗಾಯದ ಜಾಗದ ದಪ್ಪ ಅಳೆಯುವ ರೂಢಿಯಿದೆಯಾದರೂ, ಇಷ್ಟಿದ್ದರೆ ಸುರಕ್ಷಿತ ಎಂದು ಎಲ್ಲರೂ ಒಪ್ಪಿದ ಅಳತೆಯೊಂದಿಲ್ಲ.

ಮತ್ತೆ ಮತ್ತೆ ಸಿಸೇರಿಯನ್ ಮಾಡಿಸಿಕೊಳ್ಳುವುದೂ ಅಪಾಯರಹಿತವಲ್ಲ. ಮಾಸು ಕೆಳಗೆ ಕುಳಿತು ಹಳೆಯ ಗಾಯಕ್ಕೆ ಬೇರೂರಿದರೆ ಭಾರೀ ರಕ್ತಸ್ರಾವವಾಗಿ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಮಾಸು ಕೆಳಗಿದ್ದವರಲ್ಲಿ ಹೀಗೆ ಬೇರೂರುವ ಪ್ರಮಾಣ ಮೊದಲ ಸಿಸೇರಿಯನ್ ವೇಳೆ ಶೇ. 3, ಎರಡನೆಯದರಲ್ಲಿ ಶೇ. 11, ಮೂರನೆಯದರಲ್ಲಿ ಶೇ. 40 ಎಂದು 2006ರ ಅಧ್ಯಯನವೊಂದು ತೋರಿಸಿತು. ಇನ್ನೂ ಮಕ್ಕಳು ಬೇಕೆನ್ನುವ ದಂಪತಿಗೆ ಈ ಅಂಕಿಗಳು ಮುಖ್ಯವಾದವು.

ಎರಡೂ ಒಟ್ಟಿಗಿದ್ದಾಗ

ಆಕಾರ ವೈಪರೀತ್ಯವುಳ್ಳ ಗರ್ಭಕೋಶದಲ್ಲಿ ಗಾಯವೂ ಇದ್ದಾಗ ಮೇಲಿನ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು. ಮೊದಲನೆಯದಾಗಿ, ಇಂತಹವರಿಗೆ ಮೊದಲ ಸಿಸೇರಿಯನ್ ಅನೇಕ ವೇಳೆ ದಿನ ತುಂಬುವ ಮೊದಲೇ ಆಗಿರುತ್ತದೆ. ಆಗ ಗರ್ಭಕೋಶದ ಕೆಳಭಾಗ ಪೂರ್ತಿ ಹಿಗ್ಗಿರುವುದಿಲ್ಲ; ಮಗುವನ್ನು ತೆಗೆಯಲು ವೈದ್ಯರು ಉದ್ದನೆಯ ಸೀಳನ್ನೋ, ಅಡ್ಡ ಸೀಳಿಗೆ ಮೇಲ್ಮುಖವಾಗಿ ಇನ್ನೊಂದು ಸೀಳನ್ನೋ ಸೇರಿಸಿರಬಹುದು. ಎರಡನೆಯದಾಗಿ, ಮೊದಲ ಸಿಸೇರಿಯನ್‌ಗೆ ಕಾರಣವಾದ ಸಂಗತಿ ಇಲ್ಲಿ ಆಕಸ್ಮಿಕವಲ್ಲ. ಸಾಮಾನ್ಯ ಗರ್ಭಕೋಶದಲ್ಲಿ ಒಮ್ಮೆ ಮಗು ಕುಂಡೆ ಮುಂದಾಗಿದ್ದರೆ ಮುಂದಿನ ಬಾರಿ ತಲೆ ಕೆಳಗಾಗಿ ನಿಲ್ಲುವ ಸಂಭವವೇ ಹೆಚ್ಚು. ಇಬ್ಭಾಗವಾದ ಗರ್ಭಕೋಶದಲ್ಲಾದರೋ ಮಗು ಹೊರಳಲು ಜಾಗವೇ ಕಡಿಮೆ. ಅದೇ ಸ್ಥಿತಿ ಮರುಕಳಿಸಬಹುದು. ಹೊರಗಿನಿಂದ ಹೊಟ್ಟೆ ಒತ್ತಿ ಮಗುವನ್ನು ತಿರುಗಿಸುವ ಕ್ರಮವನ್ನೂ ಗಣನೀಯ ವೈಪರೀತ್ಯವಿದ್ದಲ್ಲಿ ಸಾಮಾನ್ಯವಾಗಿ ಅನುಸರಿಸುವುದಿಲ್ಲ.

ಜೋಡಿ ಗರ್ಭಕೋಶದ ಪ್ರಕರಣ ಇವುಗಳಲ್ಲೆಲ್ಲ ವಿಚಿತ್ರವಾದುದು. ಮೊದಲ ಮಗು ಬಲ ಗರ್ಭಕೋಶದಲ್ಲಿದ್ದು ಅಲ್ಲಿಯೇ ಗಾಯವಾಗಿದ್ದರೆ, ಎರಡನೆಯ ಮಗು ಎಡ ಗರ್ಭಕೋಶದಲ್ಲಿ ನೆಲೆಗೊಳ್ಳುವುದು ಸಾಧ್ಯ. ಆಗ ಕಾಗದದ ಮೇಲೆ ಆಕೆ ಸಿಸೇರಿಯನ್ ಆದವಳು; ನೋವು ತಿನ್ನಬೇಕಾದ ಗರ್ಭಕೋಶವೋ ಗಾಯವಿಲ್ಲದ್ದು, ಆದರೆ ಹಿಂದೆಂದೂ ಹೆತ್ತು ಅನುಭವವಿಲ್ಲದ್ದು. ಅದರ ಗರ್ಭಕಂಠವೂ ಹೊಸದು. ಮಗುವಿಲ್ಲದ ಪಕ್ಕದ ಗರ್ಭಕೋಶವೂ ಗರ್ಭಿಣಿಯ ಹಾರ್ಮೋನುಗಳಿಂದ ಹಿಗ್ಗಿ, ಕೆಲವೊಮ್ಮೆ ಮಗುವಿನ ತಲೆ ಕೆಳಗಿಳಿಯಲು ಅಡ್ಡಿಯಾಗುತ್ತದೆ. ಯೋನಿಯಲ್ಲೂ ಉದ್ದನೆಯ ಪರದೆ ಇದ್ದರೆ ಹೆರಿಗೆಯಲ್ಲಿ ಅದು ಹರಿಯಬಹುದು. ಮೊದಲೇ ಗೊತ್ತಿದ್ದರೆ ಅದನ್ನು ಕತ್ತರಿಸಿ ಕಟ್ಟುವ ಸಿದ್ಧತೆ ಮಾಡಿಕೊಳ್ಳಬಹುದು. ದ್ವಿಶೃಂಗದಲ್ಲಿಯೂ ಗಾಯ ಯಾವ ಕೊಂಬಿನ ಬುಡದಲ್ಲಿದೆ, ಮಗು ಮತ್ತು ಮಾಸು ಯಾವ ಕೊಂಬಿನಲ್ಲಿವೆ ಎಂಬುದನ್ನು ಸ್ಕ್ಯಾನ್ ವರದಿಯಲ್ಲಿ ಬರೆಯಿಸಿಕೊಳ್ಳುವುದು ಒಳಿತು.

ಏಕಶೃಂಗ ಗರ್ಭಕೋಶದ ಅರೆಬೆಳೆದ ಕೊಂಬಿನಲ್ಲಿ ಗರ್ಭ ನಿಂತಿದ್ದರೆ ಸಹಜ ಹೆರಿಗೆಯ ಮಾತೇ ಬರುವುದಿಲ್ಲ. ಆ ಕೊಂಬು ಬಹುಮಟ್ಟಿಗೆ ನಾಲ್ಕರಿಂದ ಆರು ತಿಂಗಳ ನಡುವೆ ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿ ತಾಯಿಯ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಇದನ್ನು ಮೊದಲ ಮೂರು ತಿಂಗಳ ಸ್ಕ್ಯಾನಿನಲ್ಲೇ ಗುರುತಿಸಬೇಕಾಗುತ್ತದೆ.

ಅಧ್ಯಯನಗಳು ಹೇಳುವುದು

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ಎರಡು ಅಧ್ಯಯನಗಳು ಪರಸ್ಪರ ವಿರುದ್ಧ ದಿಕ್ಕಿಗೆ ಬೊಟ್ಟುಮಾಡುತ್ತವೆ. ಕೆನಡಾದ ರವಾಸಿಯಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಿದ 1,813 ಮಹಿಳೆಯರಿದ್ದರು. ಅವರಲ್ಲಿ ಆಕಾರ ವೈಪರೀತ್ಯವಿದ್ದ 25 ಮಂದಿಯಲ್ಲಿ 2 ಮಂದಿಗೆ, ಅಂದರೆ ಶೇ. 8ರಷ್ಟು ಮಂದಿಗೆ ಗರ್ಭಕೋಶ ಬಿರಿಯಿತು. ಉಳಿದ 1,788 ಮಂದಿಯಲ್ಲಿ 11 ಮಂದಿಗೆ, ಅಂದರೆ ಶೇ. 0.61ರಷ್ಟು ಮಂದಿಗೆ ಮಾತ್ರ. ನೋಡಿದೊಡನೆ ಗಾಬರಿ ಹುಟ್ಟಿಸುವ ಅಂತರವಿದು. ಆದರೆ 25 ಮಂದಿಯ ಗುಂಪಿನಲ್ಲಿ ಒಂದೇ ಒಂದು ಘಟನೆ ಕಡಿಮೆಯಾಗಿದ್ದರೆ ಶೇ. 8 ಎಂಬುದು ಶೇ. 4 ಆಗುತ್ತಿತ್ತು. ಮೇಲಾಗಿ ಆ ಇಬ್ಬರಿಗೂ ಪ್ರೊಸ್ಟಗ್ಲಾಂಡಿನ್ ಔಷಧಿ ಕೊಟ್ಟು ನೋವು ಬರಿಸಲಾಗಿತ್ತು. ಗಾಯವಿರುವ ಗರ್ಭಕೋಶಕ್ಕೆ ಈ ಔಷಧಿ ಅಪಾಯಕಾರಿಯೆಂದು ಆಕಾರದ ಪ್ರಶ್ನೆಯೇ ಇಲ್ಲದ ಅಧ್ಯಯನಗಳಲ್ಲೂ ಕಂಡುಬಂದಿದೆ. 2001ರಲ್ಲಿ ಪ್ರಕಟವಾದ ವಾಷಿಂಗ್ಟನ್ ರಾಜ್ಯದ ದೊಡ್ಡ ಅಧ್ಯಯನದಲ್ಲಿ ತಾನಾಗಿ ನೋವು ಬಂದವರಲ್ಲಿ ಸಾವಿರಕ್ಕೆ 5.2, ಪ್ರೊಸ್ಟಗ್ಲಾಂಡಿನ್‌ನಿಂದ ನೋವು ಬರಿಸಿದವರಲ್ಲಿ ಸಾವಿರಕ್ಕೆ 24.5 ಮಂದಿಗೆ ಗರ್ಭಕೋಶ ಬಿರಿದಿತ್ತು.

ಇಸ್ರೇಲಿನ ಎರೆಜ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ ಹಿಂದೆ ಸಿಸೇರಿಯನ್ ಆಗಿದ್ದ 165 ವೈಪರೀತ್ಯದ ಪ್ರಕರಣಗಳಿದ್ದವು. ಸಹಜ ಹೆರಿಗೆಯಾದವರ ಪ್ರಮಾಣ ಇತರರಿಗಿಂತ ಕಡಿಮೆಯಿತ್ತು, ಆದರೆ ಗರ್ಭಕೋಶ ಬಿರಿದ ಒಂದು ಪ್ರಕರಣವೂ ದಾಖಲಾಗಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ, ತಾನಾಗಿ ನೋವು ಬಂದು ತಾನಾಗಿ ಮುಂದುವರಿಯುವ ಹೆರಿಗೆಗೂ ಔಷಧಿಯಿಂದ ಹೊರಡಿಸಿದ ಹೆರಿಗೆಗೂ ಇರುವ ಭೇದವೇ ಆಕಾರದ ಭೇದಕ್ಕಿಂತ ದೊಡ್ಡದಿರಬಹುದು ಎಂದು ತೋರುತ್ತದೆ. ಎರಡೂ ಸಣ್ಣ ಗುಂಪುಗಳೆಂಬುದನ್ನೂ, ದ್ವಿಶೃಂಗ, ತಡಿಕೆ, ಜೋಡಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಎಣಿಸಿವೆಯೆಂಬುದನ್ನೂ ಮರೆಯುವಂತಿಲ್ಲ.

ಹೆರಿಗೆಯ ನಿರ್ವಹಣೆ

ಹಿಂದಿನ ಗಾಯ ಕೆಳಭಾಗದ ಅಡ್ಡ ಗಾಯವೆಂದು ಬರಹದಿಂದ ಖಚಿತವಾಗಿ, ಮಗು ಒಂದೇ ಇದ್ದು ತಲೆ ಕೆಳಗಾಗಿ ನಿಂತು, ಮಾಸು ಮೇಲಿದ್ದು, ಹಿಂದಿನ ಹೆರಿಗೆಯಿಂದ ಸಾಕಷ್ಟು ಅಂತರವಿದ್ದರೆ ಪ್ರಯತ್ನವನ್ನು ಪರಿಗಣಿಸುತ್ತಾರೆ. ಹಿಂದೆ ಗರ್ಭಕೋಶ ಬಿರಿದಿದ್ದರೆ ಪರಿಗಣಿಸುವುದಿಲ್ಲ. ನೋವು ತಾನಾಗಿ ಬರಲೆಂದು ಕಾಯುವುದು ಉತ್ತಮ. ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ದಿನ ತುಂಬಿದ, ಗಾಯವಿರುವ ಗರ್ಭಕೋಶಕ್ಕೆ ನೋವು ಬರಿಸಲು ಬಳಸಬಾರದು. ಅನಿವಾರ್ಯವಾದಲ್ಲಿ ಗರ್ಭಕಂಠ ಹಿಗ್ಗಿಸಲು ಫೋಲಿ ಕ್ಯಾತಿಟರ್ ಬಲೂನು, ಅಥವಾ ಬಹಳ ಎಚ್ಚರದಿಂದ ಆಕ್ಸಿಟೋಸಿನ್ ಹನಿ ಬಳಸುವುದುಂಟು. ನೋವುನಿವಾರಕ ಎಪಿಡ್ಯೂರಲ್‌ಗೆ ತಡೆಯೇನಿಲ್ಲ.

ಗರ್ಭಕೋಶ ಬಿರಿಯುತ್ತಿರುವುದರ ಮೊದಲ ಸುಳಿವು ಬಹುತೇಕ ಸಲ ತಾಯಿಯ ನೋವಲ್ಲ, ಮಗುವಿನ ಎದೆಬಡಿತದಲ್ಲಿ ಕಾಣುವ ಏರುಪೇರು. ಆದ್ದರಿಂದ ಸಕ್ರಿಯ ನೋವಿನುದ್ದಕ್ಕೂ ಎದೆಬಡಿತದ ನಿರಂತರ ದಾಖಲೆ ಬೇಕು. ನೋವಿನ ಅಲೆಗಳ ನಡುವೆಯೂ ಬಿಡದ ಹೊಟ್ಟೆನೋವು, ಹೊಸದಾಗಿ ರಕ್ತ ಕಾಣುವುದು, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಲ್ಲುವುದು, ಇಳಿದಿದ್ದ ತಲೆ ಮತ್ತೆ ಮೇಲೆ ಸರಿಯುವುದು, ಮೂತ್ರದಲ್ಲಿ ರಕ್ತ, ತಾಯಿಯ ನಾಡಿ ಏರಿ ರಕ್ತದೊತ್ತಡ ಕುಸಿಯುವುದು ಇತರ ಲಕ್ಷಣಗಳು. ಎದೆಬಡಿತ ಕುಸಿದು ಹಾಗೇ ಉಳಿದ ಬಳಿಕ ಮಗುವನ್ನು ಹೊರತೆಗೆಯಲು 18 ನಿಮಿಷ ಅಥವಾ ಹೆಚ್ಚು ತಗುಲಿದವರಲ್ಲಿ ಮಗುವಿಗೆ ಗಂಭೀರ ತೊಂದರೆಗಳು ಕಂಡವೆಂದು 1993ರ ಅಮೆರಿಕದ ಅಧ್ಯಯನವೊಂದು ವರದಿ ಮಾಡಿತ್ತು. ಅರಿವಳಿಕೆ ತಜ್ಞ, ಶಸ್ತ್ರಚಿಕಿತ್ಸಾ ಕೊಠಡಿ, ರಕ್ತ, ನವಜಾತ ಶಿಶು ಆರೈಕೆ ಇವೆಲ್ಲ ಅದೇ ಕಟ್ಟಡದಲ್ಲಿ ಇರಬೇಕೆನ್ನುವುದು ಈ ಕಾರಣಕ್ಕೆ. ಮನೆಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂತಹ ಹೆರಿಗೆಗೆ ಪ್ರಯತ್ನಿಸುವುದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಕರ್ನಾಟಕದಲ್ಲಿ ಹಾಗೂ ಹಾಸನದ ಮಲೆನಾಡಿನಲ್ಲಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015–16ರಲ್ಲಿ ಶೇ. 23.6 ಇದ್ದದ್ದು 2019–21ರಲ್ಲಿ ಶೇ. 31.5ಕ್ಕೆ ಏರಿತು. ಇದೇ ಅವಧಿಯಲ್ಲಿ ದೇಶದ ಸರಾಸರಿ ಶೇ. 17.2ರಿಂದ 21.5ಕ್ಕೆ ಹೋಯಿತು. ಎರಡನೆಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಹೆರಿಗೆಗಳು ಸಿಸೇರಿಯನ್ ಆಗಿದ್ದವು. ಅಂದರೆ ಗಾಯವಿರುವ ಗರ್ಭಕೋಶದೊಂದಿಗೆ ಎರಡನೆಯ ಬಸಿರಿಗೆ ಬರುವವರ ಸಂಖ್ಯೆ ರಾಜ್ಯದಲ್ಲಿ ಹೆಚ್ಚುತ್ತಿದೆ.

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಈ ವಿಷಯಕ್ಕೆ ಭೂಗೋಳದ ಮಗ್ಗುಲೂ ಇದೆ. ಬಾಳ್ಳುಪೇಟೆಯು ಹಾಸನ ಮತ್ತು ಸಕಲೇಶಪುರದ ನಡುವೆ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ. ಹಾಸನ–ಮಂಗಳೂರು ರೈಲು ಮಾರ್ಗದ ನಿಲ್ದಾಣವೂ ಅಲ್ಲಿದೆ. ಪಶ್ಚಿಮಕ್ಕೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆ. ಪೂರ್ವಕ್ಕೆ ಹಾಸನದಲ್ಲಿ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಹೆದ್ದಾರಿಯ ಮೇಲಿನ ಊರಿನವರಿಗೆ ಇದು ದೊಡ್ಡ ದೂರವಲ್ಲ. ತೋಟದ ಲೈನ್ ಮನೆಗಳಿಂದ ಹೆದ್ದಾರಿಯವರೆಗೆ ಬರುವುದೇ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಪ್ರಯಾಸದ ಭಾಗ. ಮಂಗಳೂರಿನ ಕಡೆಗಿನ ಶಿರಾಡಿ ಘಾಟಿ ರಸ್ತೆ ಭೂಕುಸಿತದಿಂದ ಮುಚ್ಚಿದ ವರ್ಷಗಳಿವೆ. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆ ಗರ್ಭಿಣಿಯರಿಗೂ ಉಚಿತ. ಆದರೂ ಮೇಲೆ ಹೇಳಿದ 18 ನಿಮಿಷಗಳ ಲೆಕ್ಕದ ಮುಂದೆ ಯಾವ ವಾಹನವೂ ಉಪಯೋಗಕ್ಕೆ ಬಾರದು. ಹಾಗಾಗಿ ಇಂತಹ ಗರ್ಭಿಣಿಯರು ನೋವು ಆರಂಭವಾಗುವ ಮೊದಲೇ, ದಿನ ತುಂಬುತ್ತಿದ್ದಂತೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಊರಿನಲ್ಲಿ ಬಂದಿರುವುದು ಸೂಕ್ತ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಮೊದಲ ಸಿಸೇರಿಯನ್ ತವರಿನ ಜಿಲ್ಲೆಯ ಆಸ್ಪತ್ರೆಯಲ್ಲಾಗಿ, ಎರಡನೆಯ ಬಸಿರಿನ ತಪಾಸಣೆ ಗಂಡನ ಊರಿನಲ್ಲಿ ನಡೆಯುವಾಗ ಶಸ್ತ್ರಚಿಕಿತ್ಸೆಯ ವಿವರ ವೈದ್ಯರ ಕೈಗೆ ಸಿಗುವುದಿಲ್ಲ. ತೋಟದಿಂದ ತೋಟಕ್ಕೆ ಕೆಲಸ ಅರಸಿ ಹೋಗುವ ಕಾರ್ಮಿಕ ಕುಟುಂಬಗಳಲ್ಲಿ ಇದು ಇನ್ನೂ ಹೆಚ್ಚು. ಆಶಾ ಕಾರ್ಯಕರ್ತೆಯರು ತುಂಬಿಸುವ ತಾಯಿ ಕಾರ್ಡಿನಲ್ಲಿ ಹಿಂದಿನ ಹೆರಿಗೆ ಸಿಸೇರಿಯನ್ ಎಂದಷ್ಟೇ ಬರೆದಿದ್ದರೆ ಸಾಲದು. ಬಿಡುಗಡೆ ಪತ್ರದಲ್ಲಿ ಗರ್ಭಕೋಶದ ಮೇಲಿನ ಸೀಳಿನ ಬಗೆ, ಸಿಸೇರಿಯನ್‌ಗೆ ಕಾರಣ, ಎಷ್ಟನೇ ವಾರ, ಗರ್ಭಕೋಶದ ಹೊರಮೈ ಹೇಗೆ ಕಂಡಿತು ಎಂಬ ನಾಲ್ಕು ಸಂಗತಿಗಳನ್ನು ಬರೆಯಿಸಿಕೊಂಡು ಇಟ್ಟುಕೊಳ್ಳುವ ಹಕ್ಕು ಬಾಣಂತಿಗಿದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಹಿಂದೆ ಸಿಸೇರಿಯನ್ ಆಗಿರುವವರನ್ನು ಹೆಚ್ಚಿನ ಅಪಾಯದ ಗರ್ಭಿಣಿಯರೆಂದು ಅಲ್ಲಿ ಗುರುತಿಸುತ್ತಾರೆ. ಹಳೆಯ ಬಿಡುಗಡೆ ಪತ್ರ, ಸ್ಕ್ಯಾನ್ ವರದಿಗಳನ್ನು ತೋರಿಸಿ ಹೆರಿಗೆಯ ಜಾಗವನ್ನು ಗೊತ್ತುಪಡಿಸಿಕೊಳ್ಳಲು ಅದೇ ದಿನ ಅನುಕೂಲವಾಗುತ್ತದೆ.